ಮೂರು ಮಹಡಿಯ ಮನೆ, ಒಂದರಲ್ಲಿ ನಾವು: ಅಮೆರಿಕದಲ್ಲಿ ಸಾಲ ಹೇಗೆ ಸಿಗುತ್ತದೆ?

ಪ್ರಶ್ನೆ: ಮ್ಯಾಸಚೂಸೆಟ್ಸ್‌ನ ವೂಸ್ಟರ್ ಹತ್ತಿರ ಬಾಡಿಗೆ ಮನೆಯಲ್ಲಿದ್ದೇವೆ. ತಿಂಗಳಿಗೆ 2,400 ಡಾಲರ್ ಬಾಡಿಗೆ. ನನ್ನದು ಎಚ್‌-1ಬಿ ವೀಸಾ, ವರ್ಷಕ್ಕೆ 1,10,000 ಡಾಲರ್ ಸಂಬಳ. ಕಾರಿನ ಕಂತು ತಿಂಗಳಿಗೆ 450. ಉಳಿತಾಯ 80,000 ಡಾಲರ್ ಇದೆ. ಮಗಳಿಗೆ ಮೂರು ವರ್ಷ. ಇಲ್ಲಿ ಹಳೆಯ ಮೂರು ಮಹಡಿಯ ಕಟ್ಟಡವೊಂದು 6,60,000 ಡಾಲರ್‌ಗೆ ಮಾರಾಟಕ್ಕಿದೆ. ಮೂರು ಮಹಡಿಯಲ್ಲೂ ಬಾಡಿಗೆದಾರರಿದ್ದಾರೆ. ಒಂದೊಂದಕ್ಕೆ 2,100 ಬಾಡಿಗೆ ಬರುತ್ತದೆ ಎಂದು ಏಜೆಂಟ್ ಹೇಳಿದರು. ಒಂದರಲ್ಲಿ ನಾವಿದ್ದು ಎರಡನ್ನು ಬಾಡಿಗೆಗೆ ಕೊಡುವ ಆಸೆ. ಎಫ್‌ಎಚ್‌ಎ ಸಾಲ, ಅಂದರೆ ಅಮೆರಿಕ ಸರ್ಕಾರದ ವಿಮೆ ಇರುವ ಗೃಹಸಾಲ ತಗೊಂಡರೆ ಶೇ. 3.5 ಕೈಯಿಂದ ಹಾಕಿದರೆ ಸಾಕು ಎಂದು ಸ್ನೇಹಿತರು ಹೇಳುತ್ತಾರೆ. ಮೈಸೂರಿನಲ್ಲಿರುವ ಅಪ್ಪ 25 ಲಕ್ಷ ರೂಪಾಯಿ ಕಳಿಸುತ್ತೇನೆ ಅಂತಿದ್ದಾರೆ. ಗ್ರೀನ್ ಕಾರ್ಡ್ ಇರುವ ನನ್ನ ದೊಡ್ಡಪ್ಪನ ಮಗನ ಹೆಸರಲ್ಲಿ ಸಾಲ ಎತ್ತು ಎಂಬ ಸಲಹೆಯೂ ಬಂದಿದೆ. ಮುಂದೆ ಡಲ್ಲಾಸ್‌ಗೆ ಹೋಗಬೇಕಾಗಿ ಬಂದರೆ, ಅಥವಾ ಊರಿಗೇ ವಾಪಸ್ ಹೋದರೆ ಏನು ಗತಿ?

ಉತ್ತರ: ಸುತ್ತಿ ಬಳಸದೆ ಹೇಳುತ್ತೇನೆ. ನಿಮಗೆ ಎಫ್‌ಎಚ್‌ಎ ಸಾಲ ಸಿಗುವುದಿಲ್ಲ. ಶೇ. 5 ಕಟ್ಟಿ ಸರ್ಕಾರಿ ವಿಮೆ ಇಲ್ಲದ ಸಾಮಾನ್ಯ, ಅಂದರೆ ಕನ್ವೆನ್ಷನಲ್ ಸಾಲ ಪಡೆಯುವ ದಾರಿ ಇದೆ. ನಿಮ್ಮ ಲೆಕ್ಕ ಆ ದಾರಿಯಲ್ಲಿ ಬಿಗಿಯಾಗಿ, ಆದರೆ ದಾಟುವಂತಿದೆ. ಡೌನ್ ಪೇಮೆಂಟ್ ಎಷ್ಟು ಎಂಬುದರ ಮೇಲೆ ನಿಮ್ಮ ಸ್ನೇಹಿತರೆಲ್ಲ ಕಣ್ಣಿಟ್ಟಿದ್ದಾರೆ. ನನ್ನ ಪ್ರಕಾರ ಈ ವ್ಯವಹಾರ ನಿಲ್ಲುವುದೋ ಬೀಳುವುದೋ ಅದರ ಮೇಲಲ್ಲ. ಕೊಂಡ ಮೇಲೆ ಕೈಯಲ್ಲಿ ಉಳಿಯುವ ದುಡ್ಡು, ನೀವು ಹೋಗಿ ಇರಲು ಖಾಲಿ ಸಿಗುವ ಒಂದು ಮಹಡಿ, ಈ ಎರಡರ ಮೇಲೆ.

ಮೊದಲು ನಿಯಮದ ಹಿಂದಿರುವ ಯೋಚನೆ. ಬೆಂಗಳೂರಿನ 30×40 ಸೈಟಿನಲ್ಲಿ ಕೆಳಗೆ ಓನರ್, ಮೇಲೆ ಎರಡು ಬಾಡಿಗೆ ಮನೆ ಇರುತ್ತವಲ್ಲ, ಇದೂ ಅದೇ ಲೆಕ್ಕ. ಅಮೆರಿಕದಲ್ಲಿ ನಾಲ್ಕು ಮನೆಗಳವರೆಗಿನ ಕಟ್ಟಡಕ್ಕೆ ಮಾಮೂಲಿ ಗೃಹಸಾಲವೇ ಸಿಗುತ್ತದೆ. ಐದನೇ ಮನೆ ಸೇರಿದರೆ ಅದು ವಾಣಿಜ್ಯ ಸಾಲ. ಆ ನಾಲ್ಕರೊಳಗೂ ಮಾಲೀಕ ಅಲ್ಲೇ ಇದ್ದರೆ ಒಂದು ಬೆಲೆ, ಬರೀ ಬಾಡಿಗೆಗೆ ಕೊಂಡರೆ ಇನ್ನೊಂದು. ಕಷ್ಟ ಬಂದಾಗ ಮನುಷ್ಯ ತಾನು ಮಲಗುವ ಮನೆಯ ಕಂತನ್ನು ಕೊನೆಗೆ ಬಿಡುತ್ತಾನೆ ಎಂಬುದು ಸಾಲ ಕೊಡುವವರ ಅನುಭವ. ಇದೇ ಕಟ್ಟಡವನ್ನು ಬರೀ ಬಾಡಿಗೆಗೆಂದು ಕೊಂಡರೆ, ಲೆಂಡರ್‌ಗಳಿಂದ ಗೃಹಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಎಂಬ ಸಂಸ್ಥೆಯ ನಿಯಮದಲ್ಲಿ ಶೇ. 25 ಕಟ್ಟಬೇಕು. ಅಂದರೆ 1,65,000 ಡಾಲರ್. ಅದರ ಮೇಲೆ ಸಾಲದ ಮೊತ್ತದ ಶೇ. 2.125 ಹೆಚ್ಚುವರಿ ಶುಲ್ಕ ಬೀಳುತ್ತದೆ. 4,95,000 ಸಾಲಕ್ಕೆ ಅದೇ ಹತ್ತೂವರೆ ಸಾವಿರ ಆಯಿತು. ಸಾಮಾನ್ಯವಾಗಿ ಅದನ್ನು ಬಡ್ಡಿದರದೊಳಗೆ ಸೇರಿಸಿಬಿಡುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. "ನಾನೇ ಇರುತ್ತೇನೆ" ಎಂಬ ಒಂದು ಸಹಿಗೆ ಇಷ್ಟು ಬೆಲೆ ಇದೆ. ಸುಳ್ಳು ಹೇಳುವವರು ಹುಟ್ಟುವುದೂ ಇದರಿಂದಲೇ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎಫ್‌ಎಚ್‌ಎ ಯಾಕಿಲ್ಲ? ಕೆಲವು ವರ್ಷಗಳ ಹಿಂದೆ ನಿಮ್ಮ ಸ್ನೇಹಿತರು ಹೇಳಿದ್ದು ಸರಿ ಇತ್ತು. ಎಚ್‌-1ಬಿ ಇದ್ದವರೂ ಎಫ್‌ಎಚ್‌ಎ ವಿಮೆಯ ಸಾಲ ಪಡೆಯುತ್ತಿದ್ದರು. 2025ರ ಮಾರ್ಚ್‌ನಲ್ಲಿ ವಸತಿ ಇಲಾಖೆ ಆ ಬಾಗಿಲು ಮುಚ್ಚಿತು. 2025ರ ಮೇ 25ರಿಂದ ನೋಂದಣಿಯಾಗುವ ಅರ್ಜಿಗಳಲ್ಲಿ ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮತ್ತು ಪೆಸಿಫಿಕ್‌ನ ಕೆಲವು ದ್ವೀಪರಾಷ್ಟ್ರಗಳವರಿಗೆ ಮಾತ್ರ ಅವಕಾಶ. ವರ್ಕ್ ಪರ್ಮಿಟ್ ಇದೆ, ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಐ-140 ಅರ್ಜಿ ಅಪ್ರೂವ್ ಆಗಿದೆ ಎಂದರೂ ಆಗುವುದಿಲ್ಲ. ಹಳೆಯ ವಿಡಿಯೊಗಳು ಇನ್ನೂ ಹಳೆಯ ಮಾತನ್ನೇ ಹೇಳುತ್ತಿರುತ್ತವೆ, ನಂಬಿ ಕೂರಬೇಡಿ.

ಇದನ್ನು ಓದುವವರಲ್ಲಿ ಗ್ರೀನ್ ಕಾರ್ಡ್ ಇದ್ದವರೂ ಇರುತ್ತೀರಿ. ನಿಮಗೂ ಒಂದು ಮಾತಿದೆ. ಎರಡು ಮನೆಯ ಕಟ್ಟಡ ಬೇರೆ, ಮೂರು ಮನೆಯದ್ದು ಬೇರೆ. ಮೂರು ಅಥವಾ ನಾಲ್ಕು ಮನೆ ಇದ್ದರೆ ಎಫ್‌ಎಚ್‌ಎ ಒಂದು ಪರೀಕ್ಷೆ ಇಡುತ್ತದೆ. ಕಟ್ಟಡ ತನ್ನ ಕಂತನ್ನು ತಾನೇ ಹೊರಬೇಕು. ಅಪ್ರೈಸರ್, ಅಂದರೆ ಕಟ್ಟಡಕ್ಕೆ ಬೆಲೆ ಕಟ್ಟುವವರು, ಅಂದಾಜು ಮಾಡಿದ ಎಲ್ಲ ಮನೆಗಳ ಬಾಡಿಗೆ ಕೂಡಿಸಿ, ನೀವು ಇರುವ ಮನೆಯದ್ದೂ ಸೇರಿಸಿ, ಅದರಲ್ಲಿ ಕನಿಷ್ಠ ಶೇ. 25 ಕಳೆಯುತ್ತಾರೆ. ಉಳಿದದ್ದು ತಿಂಗಳ ಪೂರ್ತಿ ಕಂತಿಗೆ ಸಾಕಾಗಬೇಕು. ಅಸಲು, ಬಡ್ಡಿ, ತೆರಿಗೆ, ಮನೆ ವಿಮೆ, ಸಾಲದ ವಿಮೆ ಎಲ್ಲವೂ ಆ ಕಂತಿನಲ್ಲಿ ಬರುತ್ತವೆ. ನಿಮ್ಮ ಸಂಬಳ ಎಷ್ಟೇ ಇರಲಿ, ಈ ಪರೀಕ್ಷೆಗೆ ಲೆಕ್ಕಕ್ಕಿಲ್ಲ.

ನೀವು ಹೇಳಿದ ಕಟ್ಟಡಕ್ಕೇ ಹಾಕಿ ನೋಡೋಣ. ಬಡ್ಡಿ ಶೇ. 6.5 ಅಂದುಕೊಳ್ಳಿ. ಶೇ. 3.5 ಅಂದರೆ 23,100 ಕಟ್ಟಿದಿರಿ. ಸಾಲ 6,36,900. ಅದಕ್ಕೆ ಮುಂಗಡ ವಿಮೆ ಶೇ. 1.75 ಸೇರಿಸಿದರೆ 6,48,046 ಆಗುತ್ತದೆ. ಮೂವತ್ತು ವರ್ಷಕ್ಕೆ ತಿಂಗಳ ಅಸಲು ಬಡ್ಡಿ 4,096. ಪ್ರತಿ ವರ್ಷದ ವಿಮೆ ಶೇ. 0.55, ತಿಂಗಳಿಗೆ 292. ಆಸ್ತಿ ತೆರಿಗೆ 700, ಮನೆ ವಿಮೆ 250 ಎಂದು ಹಿಡಿಯೋಣ. ಒಟ್ಟು 5,338. ಈಗ ಬಾಡಿಗೆ ಕಡೆ ಬನ್ನಿ. ಮೂರು ಮಹಡಿ, ಒಂದಕ್ಕೆ 2,100, ಒಟ್ಟು 6,300. ನಾಲ್ಕರಲ್ಲಿ ಒಂದು ಪಾಲು ಕಳೆದರೆ 4,725. ಬೇಕಾದ್ದು 5,338. ಫೇಲ್.

ಪಾಸಾಗಬೇಕಾದರೆ ಪ್ರತಿ ಮಹಡಿಯ ಬಾಡಿಗೆ 2,370 ದಾಟಬೇಕು. ಇಲ್ಲವೇ ಸಾಲವನ್ನು ಸುಮಾರು ಐದೂವರೆ ಲಕ್ಷಕ್ಕೆ ಇಳಿಸಬೇಕು. ಅಂದರೆ ಕೈಯಿಂದ 1,09,000 ಹಾಕಬೇಕು. ಶೇ. 3.5 ಎಂದು ಹೊರಟದ್ದು ಶೇ. 16.5 ಆಯಿತು ನೋಡಿ. ಬಡ್ಡಿ ಶೇ. 3 ಇದ್ದ ಕಾಲದಲ್ಲಿ ಈ ಪರೀಕ್ಷೆಯನ್ನು ಯಾರೂ ಅಷ್ಟಾಗಿ ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಈಗ ಮ್ಯಾಸಚೂಸೆಟ್ಸ್ ತರಹದ ದುಬಾರಿ ಜಾಗದಲ್ಲಿ ಮೂರು ಮನೆಯ ಎಫ್‌ಎಚ್‌ಎ ಅರ್ಜಿಗಳಿಗೆ ದೊಡ್ಡ ಅಡ್ಡಗಾಲು ಇದೇ. ಎರಡು ಮನೆಯ ಕಟ್ಟಡಕ್ಕೆ ಈ ಪರೀಕ್ಷೆಯೇ ಇಲ್ಲ. ಗ್ರೀನ್ ಕಾರ್ಡ್ ಇದ್ದು ಉಳಿತಾಯ ಕಡಿಮೆ ಇರುವವರು ಎರಡು ಮನೆಯದ್ದನ್ನೇ ಹುಡುಕುವುದು ಜಾಣತನ.

ಇನ್ನು ನಿಮ್ಮ ದಾರಿಗೆ ಬರೋಣ. ಫ್ಯಾನಿ ಮೇ ಎಂಬುದು ನೇರವಾಗಿ ಸಾಲ ಕೊಡುವ ಸಂಸ್ಥೆಯಲ್ಲ. ಲೆಂಡರ್‌ಗಳು ಕೊಟ್ಟ ಸಾಲವನ್ನು ಅದು ಕೊಳ್ಳುತ್ತದೆ. ಹಾಗಾಗಿ ಅದರ ನಿಯಮವೇ ಲೆಂಡರ್‌ಗಳ ನಿಯಮ ಆಗುತ್ತದೆ. ಮೊದಲು ಮಾಲೀಕ ಇರುವ ಎರಡು ಮನೆಯ ಕಟ್ಟಡಕ್ಕೆ ಶೇ. 15, ಮೂರು ನಾಲ್ಕು ಮನೆಯದ್ದಕ್ಕೆ ಶೇ. 25 ಕೇಳುತ್ತಿತ್ತು. 2023ರ ನವೆಂಬರ್‌ನಿಂದ ನಾಲ್ಕು ಮನೆಗಳವರೆಗೂ ಶೇ. 5 ಸಾಕು ಎಂದಿತು. ಅರ್ಜಿ ಅವರ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಪಾಸಾಗಬೇಕು, ಸಾಲ ಮಾಮೂಲಿ ಮಿತಿಯೊಳಗಿರಬೇಕು ಎಂಬುದಷ್ಟೇ ಷರತ್ತು. ಮೂರು ಮನೆಗೆ ಆ ಮಿತಿ 2025ರಲ್ಲಿ 12,48,150 ಡಾಲರ್. ನಿಮಗೆ ಅದರ ಚಿಂತೆ ಇಲ್ಲ.

ಕಾನೂನುಬದ್ಧವಾಗಿ ಇಲ್ಲಿರುವ ಎಚ್‌-1ಬಿ ಉದ್ಯೋಗಿಗೂ ಪ್ರಜೆಗೆ ಕೊಡುವ ಷರತ್ತಿನಲ್ಲೇ ಫ್ಯಾನಿ ಮೇ ಒಪ್ಪುತ್ತದೆ. ಕಟ್ಟಡ ತನ್ನ ಕಂತು ತಾನೇ ಹೊರಬೇಕೆಂಬ ಪರೀಕ್ಷೆ ಇಲ್ಲಿಲ್ಲ. ಆದರೆ ಕೆಲವು ಲೆಂಡರ್‌ಗಳು ತಮ್ಮದೇ ಹೆಚ್ಚುವರಿ ನಿಯಮ ಹಾಕುತ್ತಾರೆ. ವೀಸಾ ಮುಗಿಯಲು ಒಂದು ವರ್ಷವಾದರೂ ಇರಬೇಕು ಎಂದೋ, ಹಿಂದೆ ಒಮ್ಮೆಯಾದರೂ ವಿಸ್ತರಣೆ ಆಗಿರಬೇಕು ಎಂದೋ ಕೇಳುತ್ತಾರೆ. ಒಬ್ಬರು ಇಲ್ಲ ಎಂದರೆ ಅದು ಫ್ಯಾನಿ ಮೇ ಹೇಳಿದ್ದಲ್ಲ, ಅವರು ಹೇಳಿದ್ದು. ಇನ್ನೊಬ್ಬರ ಹತ್ತಿರ ಹೋಗಿ.

ಲೆಕ್ಕ ಹೀಗೆ ಬರುತ್ತದೆ. ಶೇ. 5 ಅಂದರೆ 33,000 ಕಟ್ಟಿದಿರಿ, ಸಾಲ 6,27,000. ಬಡ್ಡಿ ಶೇ. 6.75 ಎಂದು ಹಿಡಿದರೆ ಅಸಲು ಬಡ್ಡಿ 4,067. ಶೇ. 20ಕ್ಕಿಂತ ಕಡಿಮೆ ಕಟ್ಟಿದ್ದರಿಂದ ಖಾಸಗಿ ಸಾಲ ವಿಮೆ, ಅಂದರೆ ಪಿಎಂಐ ಬೇಕು. ಅದನ್ನು 400 ಎಂದು ಅಂದಾಜು ಮಾಡಿದ್ದೇನೆ. ನಿಮ್ಮ ಕ್ರೆಡಿಟ್ ಸ್ಕೋರ್ ನೋಡಿ ಅದು ಏರುತ್ತದೆ, ಇಳಿಯುತ್ತದೆ. ತೆರಿಗೆ, ವಿಮೆ ಸೇರಿ ತಿಂಗಳಿಗೆ 5,417. ಬರೀ ನಿಮ್ಮ ಸಂಬಳಕ್ಕೆ, ತಿಂಗಳಿಗೆ 9,167ಕ್ಕೆ, ಇದನ್ನೂ ಕಾರಿನ ಕಂತನ್ನೂ ಹೊರಿಸಿದರೆ ಶೇ. 64 ಆಗುತ್ತದೆ. ಯಾರೂ ಸಾಲ ಕೊಡುವುದಿಲ್ಲ. ಉಳಿದೆರಡು ಮಹಡಿಯ ಬಾಡಿಗೆ 4,200ರಲ್ಲಿ ಮುಕ್ಕಾಲು ಪಾಲು, ಅಂದರೆ 3,150 ನಿಮ್ಮ ವರಮಾನಕ್ಕೆ ಸೇರುತ್ತದೆ. ಆಗ ವರಮಾನ 12,317, ಹೊರೆ 5,867, ಶೇ. 47.6. ಮಿತಿ ಶೇ. 50. ದಾಟಿದಿರಿ, ಆದರೆ ಕೂದಲೆಳೆಯಲ್ಲಿ. ಕ್ಲೋಸಿಂಗ್, ಅಂದರೆ ಕೊನೆಯ ಸಹಿ ಹಾಕಿ ಮನೆ ನಿಮ್ಮದಾಗುವವರೆಗೆ ಹೊಸ ಕಾರು, ಫರ್ನಿಚರ್ ಸಾಲ ಯಾವುದನ್ನೂ ಮುಟ್ಟಬೇಡಿ.

ಈ 3,150 ಸುಮ್ನೆ ಸಿಗುವುದಿಲ್ಲ. ಏಜೆಂಟ್ ಬಾಯಲ್ಲಿ ಹೇಳಿದ ಬಾಡಿಗೆಗೆ ಬೆಲೆ ಇಲ್ಲ. ಅಪ್ರೈಸರ್ ಸುತ್ತಮುತ್ತಲಿನ ಬಾಡಿಗೆ ನೋಡಿ ಫಾರ್ಮ್ 1025ರಲ್ಲಿ ಬರೆಯುವ ಸಂಖ್ಯೆ, ಅಥವಾ ಕೈಯಲ್ಲಿರುವ ಲೀಸ್ ಕರಾರು, ಇವೇ ಆಧಾರ. ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ನೀವು ಈಗ ಎಲ್ಲೋ ಬಾಡಿಗೆ ಕಟ್ಟುತ್ತಿದ್ದೀರಿ ಎಂಬ ದಾಖಲೆ ಇರಬೇಕು. ಅಕ್ಕನ ಮನೆಯಲ್ಲೋ ಸ್ನೇಹಿತರ ಮನೆಯಲ್ಲೋ ಬಿಟ್ಟಿ ಇದ್ದುಕೊಂಡು ದುಡ್ಡು ಉಳಿಸುವವರು ನಮ್ಮಲ್ಲಿ ಬಹಳ. ಅಂಥವರಿಗೆ ಕೊಳ್ಳುವ ಕಟ್ಟಡದ ಬಾಡಿಗೆಯನ್ನು ವರಮಾನಕ್ಕೆ ಸೇರಿಸಲು ಫ್ಯಾನಿ ಮೇ ಬಿಡುವುದಿಲ್ಲ. ನಿಮ್ಮ 2,400 ಡಾಲರ್ ಬಾಡಿಗೆ ಈಗ ಉಪಕಾರಕ್ಕೆ ಬಂತು. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಹನ್ನೆರಡು ತಿಂಗಳ ದಾಖಲೆ ತೆಗೆದಿಟ್ಟುಕೊಳ್ಳಿ.

ಈಗ ಕೈಯಲ್ಲಿರುವ ದುಡ್ಡು. ಡೌನ್ ಪೇಮೆಂಟ್ 33,000. ವಕೀಲರು, ಟೈಟಲ್ (ಹಕ್ಕುಪತ್ರದ) ವಿಮೆ, ತೆರಿಗೆ-ವಿಮೆಯ ಮುಂಗಡ ಎಲ್ಲ ಸೇರಿ ಕ್ಲೋಸಿಂಗ್‌ಗೆ ಒಂದು 17,000 ಇಟ್ಟುಕೊಳ್ಳಿ. ಎರಡರಿಂದ ನಾಲ್ಕು ಮನೆಯ ಕಟ್ಟಡಕ್ಕೆ ಆರು ತಿಂಗಳ ಕಂತಿನಷ್ಟು ರಿಸರ್ವ್, ಅಂದರೆ ಕೊಂಡ ಮೇಲೂ ಉಳಿಯುವ ಹಣ, ಕೈಯಲ್ಲಿ ತೋರಿಸಬೇಕು. 5,417ರ ಆರು ಪಟ್ಟು, 32,500. ಒಟ್ಟು 82,500. ನಿಮ್ಮ 80,000 ಅಲ್ಲೇ ಮುಗಿಯಿತು. ಸಾಲ ಸಿಗದೇ ಹೋಗುವುದು ಡೌನ್ ಪೇಮೆಂಟ್‌ಗಲ್ಲ, ಈ ಎರಡೂವರೆ ಸಾವಿರಕ್ಕೆ!

ಗಾಬರಿ ಬೇಡ, ಇದಕ್ಕೆ ಪರಿಹಾರವಿದೆ. ಕಂಪನಿಯ ಮೂಲಕ ಇರುವ ನಿಮ್ಮ 401(ಕೆ) ನಿವೃತ್ತಿ ಉಳಿತಾಯ ಖಾತೆಯಲ್ಲಿ ನಿಮ್ಮದಾಗಿರುವ ಹಣ ರಿಸರ್ವ್ ಲೆಕ್ಕಕ್ಕೆ ಬರುತ್ತದೆ. ತೆಗೆಯಬೇಕಾಗಿಲ್ಲ, ಸ್ಟೇಟ್‌ಮೆಂಟ್ ತೋರಿಸಿದರೆ ಸಾಕು. ನೀವು ಅದನ್ನು ಉಳಿತಾಯದ ಪಟ್ಟಿಯಲ್ಲಿ ಬರೆದೇ ಇಲ್ಲ. ಮಾರುವವರಿಂದ ಕ್ಲೋಸಿಂಗ್ ಖರ್ಚಿಗೆ ನೆರವು ಕೇಳಬಹುದು. ಶೇ. 10ಕ್ಕಿಂತ ಕಡಿಮೆ ಕಟ್ಟುವವರಿಗೆ ಅದು ಬೆಲೆಯ ಶೇ. 3 ಮೀರುವಂತಿಲ್ಲ.

ಆಮೇಲೆ ಅಪ್ಪನ ದುಡ್ಡು. ಇಲ್ಲೊಂದು ಗಂಟು ಇದೆ. ಎರಡರಿಂದ ನಾಲ್ಕು ಮನೆಯ ಕಟ್ಟಡ, ಡೌನ್ ಪೇಮೆಂಟ್ ಶೇ. 20ಕ್ಕಿಂತ ಕಡಿಮೆ ಎಂದಾದರೆ ಬೆಲೆಯ ಶೇ. 5 ನಿಮ್ಮ ಸ್ವಂತ ಹಣವೇ ಆಗಿರಬೇಕು. ಅಪ್ಪ ಕೊಟ್ಟ ಉಡುಗೊರೆ ಆ ಐದಕ್ಕೆ ನಡೆಯುವುದಿಲ್ಲ. ಅದಾದ ಮೇಲಿನ ಕ್ಲೋಸಿಂಗ್ ಖರ್ಚಿಗೆ, ರಿಸರ್ವ್‌ಗೆ ನಡೆಯುತ್ತದೆ. ಹಾಗಾಗಿ ನಿಮ್ಮ 33,000ವನ್ನು ಬೇರೆ ಖಾತೆಯಲ್ಲೇ ಮುಟ್ಟದೆ ಇಡಿ. ಅಪ್ಪನ ಹಣ ಇನ್ನೊಂದು ಖಾತೆಗೆ ಬರಲಿ. ಎರಡನ್ನೂ ಕಲಸಿದರೆ ಯಾವುದು ಯಾರದು ಎಂದು ಬಿಡಿಸಿ ಹೇಳುವಷ್ಟರಲ್ಲಿ ಕ್ಲೋಸಿಂಗ್ ದಿನ ಬಂದಿರುತ್ತದೆ. ಎಫ್‌ಎಚ್‌ಎಯಲ್ಲಿ ಇದು ತಿರುವುಮುರುವು. ಅಲ್ಲಿ ಪೂರ್ತಿ ಡೌನ್ ಪೇಮೆಂಟ್ ಉಡುಗೊರೆಯಾದರೂ ಆಗಬಹುದು, ಮೂರು ನಾಲ್ಕು ಮನೆಯ ಕಟ್ಟಡಕ್ಕೆ ಬೇಕಾದ ಮೂರು ತಿಂಗಳ ರಿಸರ್ವ್ ಮಾತ್ರ ಉಡುಗೊರೆಯಾಗಿ ಬರುವಂತಿಲ್ಲ.

ಭಾರತದಿಂದ ಹಣ ಕಳಿಸಲು ಒಬ್ಬರಿಗೆ ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್‌ವರೆಗೆ ಆರ್‌ಬಿಐ ಅವಕಾಶ ಕೊಡುತ್ತದೆ. 25 ಲಕ್ಷ ರೂಪಾಯಿ ಅದರೊಳಗೇ ಬರುತ್ತದೆ. ಆದರೆ 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಉಡುಗೊರೆಗೆ ಬ್ಯಾಂಕು ಶೇ. 20 ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲು ಮಾಡುವ ತೆರಿಗೆ, ಹಿಡಿಯುತ್ತದೆ. ದಾಟಿದ 15 ಲಕ್ಷಕ್ಕೆ 3 ಲಕ್ಷ. ಅಪ್ಪ ರಿಟರ್ನ್ ಸಲ್ಲಿಸಿದಾಗ ಅದು ಅವರ ತೆರಿಗೆಗೆ ಹೊಂದಿಕೆಯಾಗುತ್ತದೆ ಅಥವಾ ವಾಪಸ್ ಬರುತ್ತದೆ. ಅಲ್ಲಿಯವರೆಗೆ ಆ ಹಣ ಅವರ ಕೈಗಿಲ್ಲ. ನಿವೃತ್ತಿಯಾದವರಿಗೆ ಇದು ಸಣ್ಣ ವಿಷಯವಲ್ಲ, ಅವರಿಗೆ ಮೊದಲೇ ಹೇಳಿ. ಅಮ್ಮನ ಹೆಸರಲ್ಲಿ ನಿಜವಾಗಿಯೂ ಅಮ್ಮನದೇ ಹಣ ಇದ್ದರೆ ಇಬ್ಬರೂ ಬೇರೆ ಬೇರೆ ಕಳಿಸಬಹುದು. ಒಬ್ಬೊಬ್ಬರಿಗೂ 10 ಲಕ್ಷದ ಮಿತಿ ಬೇರೆ. ಅಮೆರಿಕದ ಕಡೆ ಈ ಮೊತ್ತಕ್ಕೆ ನಿಮಗೆ ತೆರಿಗೆ ಇಲ್ಲ. ವಿದೇಶದಿಂದ ಒಂದು ವರ್ಷದಲ್ಲಿ ಬಂದ ಉಡುಗೊರೆ ಒಂದು ಲಕ್ಷ ಡಾಲರ್ ಮೀರಿದರೆ ಮಾತ್ರ ಅಮೆರಿಕದ ತೆರಿಗೆ ಇಲಾಖೆಗೆ ಫಾರ್ಮ್ 3520 ತುಂಬಬೇಕು. ಲೆಂಡರ್‌ಗೆ ವಾಪಸ್ ಕೊಡಬೇಕಿಲ್ಲದ ಹಣ ಎಂಬ ಗಿಫ್ಟ್ ಲೆಟರ್ ಮತ್ತು ಅಪ್ಪನ ಖಾತೆಯಿಂದ ನಿಮ್ಮ ಖಾತೆಗೆ ಬಂದ ದಾಖಲೆ ಕೊಡಿ. "ಆಮೇಲೆ ಕೊಡ್ತೀನಪ್ಪ" ಎಂದು ಒಳಗೊಳಗೇ ಮಾತಾಗಿದ್ದರೆ ಅದು ಉಡುಗೊರೆಯಲ್ಲ, ಸಾಲ. ಆ ಪತ್ರಕ್ಕೆ ಸಹಿ ಹಾಕಬೇಡಿ.

ಇಷ್ಟಾದ ಮೇಲೆ ನಾನು ಜಾಸ್ತಿ ಹೆದರುವ ವಿಷಯ ಬರುತ್ತದೆ. ಮೂರು ಮಹಡಿಯಲ್ಲೂ ಜನ ಇದ್ದಾರೆ ಎಂದು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಸಾಲದ ಕಾಗದದಲ್ಲಿ ಏನಿರುತ್ತದೆ ಗೊತ್ತಾ? ಸಹಿ ಹಾಕಿದ 60 ದಿನದೊಳಗೆ ನೀವು ಅಲ್ಲಿ ವಾಸಕ್ಕೆ ಹೋಗಬೇಕು, ಕನಿಷ್ಠ ಒಂದು ವರ್ಷ ಇರಬೇಕು. ಬಾಡಿಗೆದಾರರು ಎದ್ದು ಹೋಗದಿದ್ದರೆ ಎಲ್ಲಿಗೆ ಹೋಗುತ್ತೀರಿ? ಮ್ಯಾಸಚೂಸೆಟ್ಸ್‌ನಲ್ಲಿ ಲೀಸ್ ಇರುವವರನ್ನು ಅವಧಿ ಮುಗಿಯುವ ಮೊದಲು ಎಬ್ಬಿಸಲಾಗದು. ಹೊಸ ಮಾಲೀಕರು ಬಂದರೂ ಲೀಸ್ ಹಾಗೇ ಮುಂದುವರಿಯುತ್ತದೆ. ಲೀಸ್ ಇಲ್ಲದೆ ತಿಂಗಳ ಲೆಕ್ಕದಲ್ಲಿ ಇರುವವರಿಗೂ ಪೂರ್ತಿ ಒಂದು ಬಾಡಿಗೆ ಅವಧಿಯ, ಕನಿಷ್ಠ 30 ದಿನದ ನೋಟಿಸ್ ಕೊಡಬೇಕು. ಅವರು ಹೋಗಲ್ಲ ಎಂದರೆ ಹೌಸಿಂಗ್ ಕೋರ್ಟ್. ಅಲ್ಲಿ 60 ದಿನ ಯಾವ ಮೂಲೆಗೂ ಸಾಲದು.

ಅದಕ್ಕೇ ಖರೀದಿ ಕರಾರಿನಲ್ಲೇ ಬರೆಸಿ: ಇಂಥ ಮಹಡಿಯನ್ನು ಕ್ಲೋಸಿಂಗ್ ದಿನ ಖಾಲಿ ಮಾಡಿ, ಕಸ ಗುಡಿಸಿ, ಬೀಗದ ಕೈ ಸಮೇತ ಕೊಡಬೇಕು. ಕ್ಲೋಸಿಂಗ್ ಬೆಳಿಗ್ಗೆ ಕೊನೆಯ ಸಲ ಮನೆ ನೋಡಲು ಹೋಗುತ್ತೀರಲ್ಲ, ಆಗ ಅದು ನಿಜವಾಗಿ ಖಾಲಿ ಇದೆಯೇ ಎಂದು ಕಣ್ಣಾರೆ ನೋಡಿ. ಇಲ್ಲದಿದ್ದರೆ ಸಹಿ ಹಾಕಬೇಡಿ. ಮಾರುವವರು ಈ ಷರತ್ತಿಗೆ ಒಪ್ಪದಿದ್ದರೆ ಈ ಕಟ್ಟಡ ನಿಮ್ಮ ಸಾಲಕ್ಕೆ ಹೊಂದುವುದಿಲ್ಲ, ಬೇರೆ ನೋಡಿ. ಬೆಲೆ ಎಷ್ಟೇ ಚೆನ್ನಾಗಿದ್ದರೂ ಅಷ್ಟೆ.

ಉಳಿದ ಇಬ್ಬರು ಬಾಡಿಗೆದಾರರಿಂದ ಬಾಡಿಗೆ, ಡೆಪಾಸಿಟ್ ಎಷ್ಟು ಎಂದು ಅವರದೇ ಸಹಿ ಇರುವ ಹೇಳಿಕೆ ಪತ್ರವನ್ನೂ ಕೇಳಿ. ಮಾರುವವರು ಒಂದು ಹೇಳಿ, ಬಾಡಿಗೆದಾರರು ಇನ್ನೊಂದು ಹೇಳುವುದು ಅಪರೂಪವೇನಲ್ಲ.

ಮಗಳಿಗೆ ಮೂರು ವರ್ಷ ಎಂದಿರಿ. ವೂಸ್ಟರ್‌ನ ಈ ಮೂರು ಮಹಡಿಯ ಮರದ ಮನೆಗಳು ಬಹುಪಾಲು ನೂರು ವರ್ಷ ಹಳೆಯವು, ಕಾರ್ಖಾನೆ ಕೆಲಸಗಾರರಿಗಾಗಿ ಕಟ್ಟಿದವು. 1978ಕ್ಕಿಂತ ಮೊದಲಿನ ಮನೆಯಲ್ಲಿ ಆರು ವರ್ಷದೊಳಗಿನ ಮಗು ಇದ್ದರೆ, ಅಪಾಯ ತರುವ ಸೀಸದ ಬಣ್ಣವನ್ನು ಮಾಲೀಕರು ತೆಗೆಸಬೇಕು ಅಥವಾ ಮುಚ್ಚಿಸಬೇಕು ಎಂದು ರಾಜ್ಯದ ಕಾನೂನು ಹೇಳುತ್ತದೆ. ನಿಮ್ಮ ಮಗಳಿಗೂ ಅದೇ, ಬಾಡಿಗೆದಾರರ ಮಗುವಿಗೂ ಅದೇ. ಮಗು ಇದೆ ಎಂಬ ಕಾರಣಕ್ಕೆ ಬಾಡಿಗೆಗೆ ಕೊಡದೆ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಕೊಳ್ಳುವವರಿಗೆ ಸೀಸದ ತಪಾಸಣೆಗೆ 10 ದಿನದ ಅವಕಾಶ ಇದೆ, ಬಿಟ್ಟುಕೊಡಬೇಡಿ. ಪೂರ್ತಿ ತೆಗೆಸಿದರೆ ಒಂದು ಮನೆಗೆ 3,000 ಡಾಲರ್‌ವರೆಗೆ ರಾಜ್ಯದ ತೆರಿಗೆಯಲ್ಲಿ ಬಿಡುವು ಸಿಗುತ್ತದೆ, ಆದರೆ ಖರ್ಚು ಅದಕ್ಕಿಂತ ಬಹಳ ಜಾಸ್ತಿ ಆಗಬಹುದು. ಹಿಂಬದಿಯ ಮರದ ಬಾಲ್ಕನಿಗಳು, ಹಳೆಯ ವೈರಿಂಗ್ ಎರಡನ್ನೂ ಇನ್‌ಸ್ಪೆಕ್ಟರ್‌ಗೆ ಒತ್ತಿ ಹೇಳಿ ನೋಡಿಸಿ. ವೈರಿಂಗ್ ತುಂಬ ಹಳೆಯದಾದರೆ ಮನೆ ವಿಮೆಯೇ ಸಿಗುವುದು ಕಷ್ಟ. ವಿಮೆ ಇಲ್ಲದಿದ್ದರೆ ಸಾಲವೂ ಇಲ್ಲ.

ದೊಡ್ಡಪ್ಪನ ಮಗನ ಹೆಸರಲ್ಲಿ ಸಾಲ? ಬೇಡವೇ ಬೇಡ. ಅವರು ಅಲ್ಲಿ ಇರುವುದಿಲ್ಲ, ಇರುತ್ತೇನೆ ಎಂದು ಸಹಿ ಹಾಕುತ್ತಾರೆ. ಕಂತು ಕಟ್ಟುವವರು ನೀವು, ಸಾಲಗಾರರು ಅವರು. ಸಾಲದ ಅರ್ಜಿಯಲ್ಲಿ ಗೊತ್ತಿದ್ದೂ ಸುಳ್ಳು ಹೇಳುವುದು ಫೆಡರಲ್ ಅಪರಾಧ. ಕಾನೂನಿನಲ್ಲಿ ಶಿಕ್ಷೆಯ ಮೇಲ್ಮಿತಿ 30 ವರ್ಷ ಜೈಲು, 10 ಲಕ್ಷ ಡಾಲರ್ ದಂಡ. ಅಷ್ಟು ದೂರ ಹೋಗುವುದು ಕಡಿಮೆ, ಲೆಂಡರ್ ಪೂರ್ತಿ ಸಾಲ ತಕ್ಷಣ ಕಟ್ಟು ಎಂದು ಕೇಳುವ ಸಾಧ್ಯತೆಯೇ ಹೆಚ್ಚು. ಆದರೆ ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ನಿಂತಿರುವ ನಿಮಗೂ, ಸಿಟಿಜನ್‌ಶಿಪ್ ಅರ್ಜಿ ಹಾಕಲಿರುವ ಅವರಿಗೂ ವಂಚನೆ ಎಂಬ ಪದ ಫೈಲಿನಲ್ಲಿ ಸೇರಿದರೆ ಸಾಕು, ಬದುಕು ಬುಡಮೇಲು. ಶೇ. 5ಕ್ಕೆ ನಿಮ್ಮ ಹೆಸರಲ್ಲೇ ಸಾಲ ಸಿಗುವಾಗ ಈ ಉಸಾಬರಿ ಯಾಕೆ?

ಡಲ್ಲಾಸ್ ವಿಷಯ ಹಾಗಲ್ಲ. ಇಲ್ಲಿ ಮುಖ್ಯವಾಗುವುದು ಸಹಿ ಹಾಕುವ ದಿನ ನಿಮ್ಮ ಮನಸ್ಸಿನಲ್ಲಿ ಏನಿತ್ತು ಎಂಬುದು. ಪ್ರಾಮಾಣಿಕವಾಗಿ ಇರಲೆಂದೇ ಹೋಗಿ, ಒಂದು ವರ್ಷ ಕಳೆದ ಮೇಲೆ ಬೇರೆ ಊರಿಗೆ ಹೋದರೆ ಯಾವ ತಪ್ಪೂ ಇಲ್ಲ. ಸಾಲ ಅದೇ ಬಡ್ಡಿಯಲ್ಲಿ ಮುಂದುವರಿಯುತ್ತದೆ, ಮೂರು ಮಹಡಿಯನ್ನೂ ಬಾಡಿಗೆಗೆ ಕೊಡಬಹುದು. ವರ್ಷದೊಳಗೇ ಕಂಪನಿ ವರ್ಗ ಮಾಡಿತು ಅಥವಾ ಕೆಲಸ ಹೋಯಿತು ಎನ್ನಿ. ಕೈಮೀರಿದ ಕಾರಣಕ್ಕೆ ವಿನಾಯಿತಿ ಸಾಲದ ಕಾಗದದಲ್ಲೇ ಇದೆ. ಕೆಲಸ ಹೋದರೆ ಎಚ್‌-1ಬಿಯವರಿಗೆ ದೇಶದಲ್ಲಿ ಉಳಿಯಲು ಇರುವ ಬಿಡುವು ಹೆಚ್ಚೆಂದರೆ 60 ದಿನ. ವರ್ಗಾವಣೆ ಪತ್ರವನ್ನೋ ಕೆಲಸದಿಂದ ತೆಗೆದ ಪತ್ರವನ್ನೋ ಇಟ್ಟುಕೊಂಡು, ಕಂತು ವಸೂಲು ಮಾಡುವ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಆದರೆ ಡಲ್ಲಾಸ್ ಕೆಲಸದ ಆಫರ್ ಈಗಲೇ ನಿಮ್ಮ ಇಮೇಲ್‌ನಲ್ಲಿ ಕೂತಿದ್ದರೆ ಈ ಮನೆಯನ್ನು ಈ ಸಾಲದಲ್ಲಿ ಕೊಳ್ಳಬೇಡಿ.

ಬಾಡಿಗೆ ಕೊಡುವ ಕಡೆ ಎರಡು ಮಾತು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿ ಮರೆತುಬಿಡಿ. ಮ್ಯಾಸಚೂಸೆಟ್ಸ್‌ನಲ್ಲಿ ಮೊದಲ ತಿಂಗಳು, ಕೊನೆಯ ತಿಂಗಳು, ಒಂದು ತಿಂಗಳ ಡೆಪಾಸಿಟ್, ಬೀಗದ ಖರ್ಚು, ಇಷ್ಟೇ ತೆಗೆದುಕೊಳ್ಳಬಹುದು. ಡೆಪಾಸಿಟ್ ಪ್ರತ್ಯೇಕ ಬಡ್ಡಿ ಖಾತೆಯಲ್ಲಿರಬೇಕು, 30 ದಿನದೊಳಗೆ ರಸೀದಿ ಕೊಡಬೇಕು. ಹಾಗೆ ಪ್ರತ್ಯೇಕ ಖಾತೆಯಲ್ಲಿ ಇಡದಿದ್ದರೆ ಮೂರು ಪಟ್ಟು ಕೊಡುವಂತೆ ಕೋರ್ಟ್ ಹೇಳಬಹುದು. ಹಳೆಯ ಮಾಲೀಕರ ಹತ್ತಿರ ಇರುವ ಡೆಪಾಸಿಟ್ಟನ್ನು ಕ್ಲೋಸಿಂಗ್ ದಿನವೇ ನಿಮ್ಮ ಕಡೆಗೆ ವರ್ಗಾಯಿಸಿಕೊಳ್ಳಿ.

ಇನ್ನೊಂದು, ನಮ್ಮವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದಿನಾ ಕಾಣುವ "ಭಾರತೀಯರಿಗೆ ಮಾತ್ರ" ಎಂಬ ಜಾಹೀರಾತು. ಮಾಲೀಕರು ಅಲ್ಲೇ ಇರುವ ನಾಲ್ಕು ಮನೆಗಳವರೆಗಿನ ಕಟ್ಟಡಕ್ಕೆ ಫೆಡರಲ್ ಕಾನೂನು ಕೆಲವು ವಿನಾಯಿತಿ ಕೊಟ್ಟಿರುವುದು ನಿಜ. ಜಾಹೀರಾತಿಗೆ ಮಾತ್ರ ಆ ವಿನಾಯಿತಿ ಇಲ್ಲ. ಮ್ಯಾಸಚೂಸೆಟ್ಸ್ ಕಾನೂನು ಇನ್ನೂ ಬಿಗಿ, ಮಾಲೀಕರಿರುವ ಎರಡು ಮನೆಯ ಕಟ್ಟಡಕ್ಕಷ್ಟೇ ವಿನಾಯಿತಿ. ನಿಮ್ಮದು ಮೂರು. ಜಾತಿ, ಧರ್ಮ, ದೇಶ ಯಾವುದನ್ನೂ ಬರೆಯಬೇಡಿ, ಫೋನಿನಲ್ಲಿ ಕೇಳಲೂ ಬೇಡಿ.

ಎಲ್ಲ ಸರಿಹೋದರೆ ತಿಂಗಳ ಲೆಕ್ಕ ಹೀಗಿರುತ್ತದೆ. ಕಂತು 5,417. ನೀರು, ಮೆಟ್ಟಿಲಿನ ದೀಪ, ಹಿಮ ತೆಗೆಸುವುದು, ರಿಪೇರಿ ಎಂದು 500 ತೆಗೆದಿಡಿ. ಬಾಡಿಗೆ 4,200 ಬಂದರೆ ನಿಮ್ಮ ಜೇಬಿನಿಂದ 1,717. ಈಗಿನ 2,400ಕ್ಕಿಂತ ಕಡಿಮೆ, ಖುಷಿ ಪಡಿ. ಒಂದು ಮಹಡಿ ಖಾಲಿ ಬಿದ್ದ ತಿಂಗಳು ಅದೇ 3,817 ಆಗುತ್ತದೆ. ಬಾಯ್ಲರ್ ಜನವರಿಯಲ್ಲೇ ಕೆಡುವುದು ಎಂದು ಇಲ್ಲಿನ ಮನೆ ಮಾಲೀಕರೆಲ್ಲ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಹಾಗಾಗಿ ಅಪ್ಪನ ಹಣ ಬಂದರೆ ಅದನ್ನು ಡೌನ್ ಪೇಮೆಂಟ್‌ಗೆ ಸುರಿದು ಕಂತು ಇಳಿಸುವ ಆಸೆ ಬೇಡ. ಶೇ. 5ಕ್ಕೇ ನಿಂತು ಉಳಿದದ್ದನ್ನು ಬ್ಯಾಂಕಿನಲ್ಲಿಡಿ. ಪಿಎಂಐ ಬೇಗ ಹೋಗುತ್ತದೆಂದು ಯಾರಾದರೂ ಹೇಳಿದರೂ ನಂಬಬೇಡಿ. ಒಂಟಿ ಮನೆಗೆ ಸಾಲ ಮೂಲ ಬೆಲೆಯ ಶೇ. 80ಕ್ಕೆ ಇಳಿದಾಗ ತೆಗೆಸಬಹುದು, ಇಂಥ ಕಟ್ಟಡಕ್ಕೆ ಫ್ಯಾನಿ ಮೇ ಶೇ. 70ಕ್ಕೆ ಇಳಿಯಬೇಕೆನ್ನುತ್ತದೆ.

ಕೊನೆಯದಾಗಿ ಊರಿಗೆ ವಾಪಸ್ ಹೋಗುವ ಮಾತು. ಮನೆ ಇಟ್ಟುಕೊಳ್ಳಬಹುದು, ಅದಕ್ಕೆ ವೀಸಾ ಬೇಕಿಲ್ಲ. ಆದರೆ ತೆರಿಗೆ ಲೆಕ್ಕ ಬದಲಾಗುತ್ತದೆ. ಅಮೆರಿಕದ ತೆರಿಗೆಗೆ ನೀವು ಅನಿವಾಸಿ ಆದ ಮೇಲೆ, ಏನೂ ಮಾಡದೆ ಸುಮ್ಮನಿದ್ದರೆ, ಬಾಡಿಗೆಯ ಪೂರ್ತಿ ಮೊತ್ತದ ಮೇಲೆ ಶೇ. 30 ತೆರಿಗೆ ಬೀಳುತ್ತದೆ. ಬಡ್ಡಿ, ಆಸ್ತಿ ತೆರಿಗೆ, ರಿಪೇರಿ ಯಾವುದನ್ನೂ ಕಳೆಯಲು ಬರುವುದಿಲ್ಲ. 6,300 ಬಾಡಿಗೆಗೆ 1,890 ತೆರಿಗೆ ಹೋದರೆ ಕಂತಿಗೆ ಏನು ಉಳಿಯಿತು? ಇದನ್ನು ತಪ್ಪಿಸಲು ತೆರಿಗೆ ಕಾನೂನಿನಲ್ಲಿ ಸೆಕ್ಷನ್ 871(ಡಿ) ಎಂಬ ಆಯ್ಕೆ ಇದೆ. ಅದನ್ನು ಮಾಡಿಕೊಂಡರೆ ಖರ್ಚು ಮತ್ತು ಸವಕಳಿ ಕಳೆದು ಉಳಿದ ಲಾಭಕ್ಕೆ ಮಾತ್ರ ತೆರಿಗೆ. ಬಾಡಿಗೆಗೆ ಕೊಟ್ಟ ಭಾಗದ ಕಟ್ಟಡದ ಬೆಲೆಯನ್ನು 27.5 ವರ್ಷಕ್ಕೆ ಹಂಚಿ ಸವಕಳಿ ಹಾಕುತ್ತಾರೆ, ಜಾಗದ ಬೆಲೆ ಅದರಲ್ಲಿ ಬರುವುದಿಲ್ಲ. ಮುಂದೆ ಮಾರಿದರೆ ಮಾರಾಟದ ಬೆಲೆಯ ಶೇ. 15ನ್ನು ಕೊಳ್ಳುವವರು ಹಿಡಿದು ಸರ್ಕಾರಕ್ಕೆ ಕಟ್ಟುತ್ತಾರೆ, ರಿಟರ್ನ್ ಸಲ್ಲಿಸಿ ಹೆಚ್ಚಾದದ್ದನ್ನು ವಾಪಸ್ ಪಡೆಯಬೇಕು. ಸ್ವಂತ ಮನೆ ಮಾರಾಟಕ್ಕೆ ಸಿಗುವ ಲಾಭದ ವಿನಾಯಿತಿ ನೀವಿದ್ದ ಒಂದು ಮಹಡಿಯ ಪಾಲಿಗಷ್ಟೇ ಸಿಗುತ್ತದೆ. ಅದೂ ಮಾರುವ ಹಿಂದಿನ ಐದು ವರ್ಷಗಳಲ್ಲಿ ಎರಡು ವರ್ಷ ಅಲ್ಲಿ ಇದ್ದಿದ್ದರೆ ಮಾತ್ರ. ವಿಮಾನ ಹತ್ತುವ ಮೊದಲೇ ಎರಡೂ ದೇಶದ ತೆರಿಗೆ ಗೊತ್ತಿರುವ ಒಬ್ಬರು ಸಿಪಿಎ (ಅಮೆರಿಕದ ಲೆಕ್ಕಪರಿಶೋಧಕರು) ಹತ್ತಿರ ಕೂತು 871(ಡಿ) ಆಯ್ಕೆಯ ಹೇಳಿಕೆ ಬರೆಸಿಕೊಳ್ಳಿ. ಅದನ್ನು ಅನಿವಾಸಿಯಾದ ಮೊದಲ ವರ್ಷದ ರಿಟರ್ನ್ ಜೊತೆಗೇ ಲಗತ್ತಿಸುವುದು ಒಳ್ಳೆಯದು.